ಇಂಗ್ಲಿಷ್ ತರಗತಿಯಲ್ಲಿ ಬಾಯಿ ಕಟ್ಟಿದಾಗ ನೀವೇನು ಮಾಡಿದಿರಿ?

ಪ್ರಶ್ನೆ: ಮದುವೆಯಾಗಿ ವಿಜಯಪುರದಿಂದ ಮುಂಬೈ ಬಳಿಯ ಡೊಂಬಿವಲಿಗೆ ಬಂದು ಎರಡು ವರ್ಷವಾಯಿತು. ಇಂಗ್ಲಿಷ್ ತರಗತಿಗೆ ಸೇರಿದ್ದೇನೆ. ಓದಿದರೆ ಅರ್ಥವಾಗುತ್ತದೆ. ಮಾತನಾಡುವ ಸರದಿ ಬಂದೊಡನೆ ಎದೆ ಹೊಡೆದುಕೊಂಡು ಬಾಯಿ ಒಣಗುತ್ತದೆ. ತರಗತಿಯನ್ನೇ ಬಿಟ್ಟುಬಿಡೋಣ ಎನಿಸುತ್ತಿದೆ. ಅನುಭವವಿದ್ದವರು ಹೇಳಿ.

ಥಾಣೆಯಿಂದ: ಬಿಡಬೇಡ ತಂಗಿ. ನಾನು ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಓದಿದವಳು. ಮೊದಲ ಕೆಲಸದಲ್ಲಿ ಮೇಜಿನ ಮೇಲಿನ ಫೋನ್ ಸದ್ದು ಮಾಡಿದರೆ ನೀರು ಕುಡಿಯುವ ನೆಪದಲ್ಲಿ ಎದ್ದು ಹೋಗುತ್ತಿದ್ದೆ. ಒಮ್ಮೆ ಕುರ್ಲಾ ನಿಲ್ದಾಣದಲ್ಲಿ ಪಕ್ಕದಲ್ಲಿದ್ದ ಹೆಂಗಸಿಗೆ ‘ಗಾಡಿ ಆಯಾ’ ಎಂದೆ. ಹಿಂದಿಯಲ್ಲಿ ಗಾಡಿ ಸ್ತ್ರೀಲಿಂಗ, ‘ಆಯೀ’ ಎನ್ನಬೇಕು. ಕನ್ನಡದಲ್ಲಿ ಗಾಡಿಗೆ ಹೆಣ್ಣು ಗಂಡೆಂಬ ಭೇದವಿಲ್ಲದ್ದರಿಂದ ನಮ್ಮ ನಾಲಗೆ ಅಲ್ಲಿ ತಪ್ಪುತ್ತಲೇ ಇರುತ್ತದೆ. ಆಕೆ ನಕ್ಕು ತಿದ್ದಿದರು, ಇಬ್ಬರೂ ಗಾಡಿ ಹತ್ತಿದೆವು. ಹಿಂದಿಯಲ್ಲಿ ದಿನವೂ ತಪ್ಪಿದರೂ ಕುಗ್ಗದವಳು ಇಂಗ್ಲಿಷಿನ ಒಂದು ತಪ್ಪಿಗೆ ಮುದುಡಿಹೋಗುವುದೇಕೆ ಎಂದು ಅಂದು ದಾರಿಯುದ್ದಕ್ಕೂ ಯೋಚಿಸಿದೆ. ನಿಲ್ದಾಣದಲ್ಲಿ ಅಂಕ ಹಾಕುವವರಿಲ್ಲ. ಇಂಗ್ಲಿಷ್ ಎಂದೊಡನೆ ಎದುರಿಗಿದ್ದವರೆಲ್ಲ ನನಗೆ ಪರೀಕ್ಷಕರಾಗಿ ಕಾಣುತ್ತಿದ್ದರು.

ಮರುದಿನ ಮೂರು ವಾಕ್ಯಗಳನ್ನು ಚೀಟಿಯಲ್ಲಿ ಬರೆದು ಫೋನಿನ ಪಕ್ಕ ಅಂಟಿಸಿದೆ: ಯಾರು ಮಾತನಾಡುತ್ತಿದ್ದೀರಿ, ಇನ್ನೊಮ್ಮೆ ನಿಧಾನವಾಗಿ ಹೇಳುವಿರಾ, ಕೇಳಿ ತಿಳಿಸುತ್ತೇನೆ. ಕೈ ಹಿಡಿದದ್ದು ಎರಡನೆಯದು. ಹಾಗೆ ಕೇಳಿದರೆ ಮರ್ಯಾದೆ ಹೋಯಿತೆಂದೇ ತಿಳಿದಿದ್ದೆ. ಆ ಕಡೆಯವರು ಬೇಸರಿಸದೆ ಮತ್ತೆ ಹೇಳಿದರು. ಅಷ್ಟರಲ್ಲಿ ನನಗೆ ಉಸಿರು ಮರಳಿತ್ತು.

ಪುಣೆಯಿಂದ, ಇಂಗ್ಲಿಷ್ ಶಿಕ್ಷಕಿ: ಅಕ್ಕ ಹೇಳಿದ ಪರೀಕ್ಷಕರ ಮಾತು ನಿಜ. 1986ರಲ್ಲಿ ಅಮೆರಿಕದ ಸಂಶೋಧಕಿ ಎಲೇನ್ ಹಾರ್ವಿಟ್ಸ್ ಮತ್ತು ಸಂಗಡಿಗರು ಭಾಷಾ ತರಗತಿಯ ಭಯವನ್ನು ಅಳೆಯಲು 33 ಹೇಳಿಕೆಗಳ ಪ್ರಶ್ನಾವಳಿಯನ್ನು ಪ್ರಕಟಿಸಿದರು. ಇತರರು ನಮ್ಮನ್ನು ಹೇಗೆ ಅಳೆಯುತ್ತಾರೋ ಎಂಬ ಅಂಜಿಕೆಗೂ ಅದರಲ್ಲಿ ಜಾಗವಿದೆ. ಅದಕ್ಕೆ ಉತ್ತರಿಸಿದ್ದವರು ಟೆಕ್ಸಾಸಿನಲ್ಲಿ ಸ್ಪ್ಯಾನಿಷ್ ಕಲಿಯುತ್ತಿದ್ದ ವಿದ್ಯಾರ್ಥಿಗಳು. ಇಂಗ್ಲಿಷಿನ ನಾಡಿನಲ್ಲೇ ಇದ್ದವರಿಗೂ ಬೇರೆ ಭಾಷೆಯೆದುರು ಎದೆ ನಡುಗಿತ್ತು!

ನಿಮ್ಮ ಶಿಕ್ಷಕರಿಗೆ ತರಗತಿಗೆ ಮುಂಚೆಯೇ ಹೇಳಿಬಿಡಿ: ಮೊದಲು ಪಕ್ಕದವಳೊಂದಿಗೆ ಮಾತನಾಡಿ ನೋಡುತ್ತೇನೆ, ಆಮೇಲೆ ಎಲ್ಲರೆದುರು. ನಾನಂತೂ ಸಾಲಿನ ಪ್ರಕಾರ ಪ್ರಶ್ನೆ ಕೇಳುವುದನ್ನು ಬಿಟ್ಟಿದ್ದೇನೆ. ತನ್ನ ಸರದಿಗೆ ಇನ್ನೆಷ್ಟು ಜನರಿದ್ದಾರೆಂದು ಎಣಿಸುತ್ತ ಕುಳಿತವರ ಕಿವಿಗೆ ಪಾಠ ಬೀಳುವುದಿಲ್ಲ.

ಪ್ರಶ್ನೆ ಕೇಳಿದವರು: ಗುರುವಾರ ತರಗತಿಯಿದೆ, ಹೋಗುತ್ತೇನೆ. ಅಕ್ಕಾ, ಆ ಎರಡನೆಯ ವಾಕ್ಯವನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುತ್ತಿದ್ದಿರಿ?

ಥಾಣೆಯಿಂದ: ‘ಕುಡ್ ಯು ಸೇ ದಟ್ ಅಗೇನ್, ಸ್ಲೋಲಿ?’ ಗುರುವಾರದವರೆಗೆ ಒಲೆಯ ಮುಂದೆ ನಿಂತು ಗಟ್ಟಿಯಾಗಿ ಹೇಳಿಕೊಳ್ಳುತ್ತಿರು.