ಯಾವುದರಲ್ಲೂ ಆಸಕ್ತಿ ನಿಲ್ಲುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನದು ಲೆಕ್ಕಪತ್ರ ನೋಡುವ ಕೆಲಸ. ಅದರ ಬಗ್ಗೆ ದೂರಿಲ್ಲ. ಆದರೆ ಬೆಳಿಗ್ಗೆ ಎದ್ದಾಗ 'ಇವತ್ತು ಇದನ್ನು ಮಾಡಲೇಬೇಕು' ಅಂತ ಮನಸ್ಸು ಎಳೆಯುವಂಥದ್ದು ಏನೂ ಇಲ್ಲ. ಗಿಟಾರ್ ಕಲಿಯಲು ಹೋದೆ, ಬೆರಳು ನೋಯತೊಡಗಿದ ಮೇಲೆ ನಿಂತಿತು. ಆಮೇಲೆ ಫೋಟೋ ತೆಗೆಯುವ ಹುಚ್ಚು, ಅದೂ ಆರಿತು. ನನ್ನ ಗೆಳತಿಗೆ ಚಿಕ್ಕಂದಿನಿಂದಲೂ ಚಿತ್ರ ಬಿಡಿಸುವುದೆಂದರೆ ಪ್ರಾಣ. ನನಗೂ ಅಂಥದ್ದೊಂದು ಎಲ್ಲೋ ಇರಬೇಕು ಅಲ್ವಾ? ಅದನ್ನು ಕಂಡುಕೊಳ್ಳುವುದು ಹೇಗೆ?

ಉತ್ತರ 1

'ಎಲ್ಲೋ ಇರಬೇಕು' ಅಂದಿರಿ ನೋಡಿ, ತೊಡಕು ಅಲ್ಲೇ ಇದೆ. ಅದು ಮೊದಲೇ ತಯಾರಾಗಿ ಎಲ್ಲೂ ಕೂತಿರುವುದಿಲ್ಲ. ಮಾಡ್ತಾ ಮಾಡ್ತಾ ಬೆಳೆಯುತ್ತದೆ. ಪಾಲ್ ಓಕೀಫ್, ಕ್ಯಾರಲ್ ಡ್ವೆಕ್, ಗ್ರೆಗರಿ ವಾಲ್ಟನ್ ಎಂಬ ಮನಶ್ಶಾಸ್ತ್ರಜ್ಞರು 2018ರಲ್ಲಿ ಇದರ ಬಗ್ಗೆಯೇ ಒಂದು ಅಧ್ಯಯನ ಪ್ರಕಟಿಸಿದರು. ವಿದ್ಯಾರ್ಥಿಗಳಿಗೆ ಕಪ್ಪುಕುಳಿಗಳ ಬಗ್ಗೆ ಚೆಂದದ ವಿಡಿಯೋ ತೋರಿಸಿ, ಆಮೇಲೆ ಅದೇ ವಿಷಯದ ಕಷ್ಟದ ಲೇಖನ ಓದಿಸಿದರು. ಆಸಕ್ತಿ ಎಂದರೆ ಒಳಗೆ ಮೊದಲೇ ಇರುವಂಥದ್ದು ಎಂದು ನಂಬಿದವರ ಉತ್ಸಾಹವೇ ಜಾಸ್ತಿ ಇಳಿಯಿತು.

ನಾನು ಹಳೆಯ ಕೀ ಕೊಡುವ ಕೈಗಡಿಯಾರಗಳನ್ನು ರಿಪೇರಿ ಮಾಡುತ್ತೇನೆ, ಸಂಬಳದ ಕೆಲಸ ಮುಗಿಸಿಕೊಂಡು. ನಿಂತುಹೋದ ಗಡಿಯಾರವೊಂದು ಕೈಗೆ ಬಂದಿತ್ತು. ಒಳಗೇನಿದೆ ನೋಡೋಣ ಅಂತ ಸುಮ್ನೆ ಬಿಚ್ಚಿದ್ದು, ಅಷ್ಟೇ. ನಿಜ ಹೇಳಬೇಕೆಂದರೆ ಇದರಲ್ಲಿ ಬೇಸರದ ಕೆಲಸವೇ ಜಾಸ್ತಿ. ಒಂದೊಂದು ಚಕ್ರವನ್ನೂ ತೊಳೆಯಬೇಕು, ಸಣ್ಣ ತೂತುಗಳಲ್ಲಿ ಒಣಗಿದ ಎಣ್ಣೆ ತೆಗೆಯಬೇಕು. ಒಳಗೆ ಕೂದಲಿನಷ್ಟು ತೆಳ್ಳಗಿನ ಸ್ಪ್ರಿಂಗ್ ಇದೆ. ಅದಕ್ಕೆ ಅಯಸ್ಕಾಂತದ ಗುಣ ಅಂಟಿದರೆ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡು ಗಡಿಯಾರ ಜೋರಾಗಿ ಓಡತೊಡಗುತ್ತದೆ. ಈ ಬೇಸರ ನನಗೆ ಒಗ್ಗುತ್ತದೆ, ಬೇರೆಯವರಿಗೆ ಒಗ್ಗದಿರಬಹುದು. ಸ್ವಲ್ಪ ಕೀ ಕೊಟ್ಟು, ಅತ್ತಿತ್ತ ತೂಗಿ ಗಡಿಯಾರದ ವೇಗ ಕಾಯುವ ಬ್ಯಾಲೆನ್ಸ್ ಚಕ್ರ ಕೂರಿಸಿದ ಕೂಡಲೇ ಅದು ತಾನಾಗಿ ಆಡಲು ಶುರು ಮಾಡುತ್ತದೆ. ಹಳೆಯ ಗಡಿಯಾರ ಬಹಳಷ್ಟರಲ್ಲಿ ಗಂಟೆಗೆ 18,000 ಬಡಿತ. ಆ ಸದ್ದು ಕೇಳಿದಾಗ ಇವತ್ತಿಗೂ ಮೈ ಜುಂ ಅನ್ನುತ್ತದೆ.

ನಿಮ್ಮ ಗೆಳತಿಯನ್ನೇ ಕೇಳಿ ನೋಡಿ, ಚಿತ್ರ ಬಿಡಿಸುವಾಗ ಅವರಿಗೆ ಬೇಸರ ಬರುವ ಭಾಗ ಯಾವುದು ಅಂತ. ಖಂಡಿತ ಇರುತ್ತದೆ. ಚಾರ್ಲ್ಸ್ ಡಾರ್ವಿನ್ 1846ರಿಂದ 1854ರವರೆಗೆ ಬಾರ್ನಕಲ್ ಎಂಬ ಸಮುದ್ರಜೀವಿಗಳನ್ನೇ ಕೊಯ್ದು ನೋಡುತ್ತಾ ಕೂತರು. 1852ರ ಹೊತ್ತಿಗೆ ಅವುಗಳನ್ನು ಕಂಡರೇ ಆಗುವುದಿಲ್ಲ ಎಂದು ಗೆಳೆಯನಿಗೆ ಪತ್ರ ಬರೆದಿದ್ದರು. ಆದರೂ ಮುಗಿಸಿದರು.

ಉತ್ತರ 2

ಒಂದು ಮಾತು ಸೇರಿಸುತ್ತೇನೆ. ಶುರುವಿನಲ್ಲೇ ದುಡ್ಡು, ಲೈಕು, ಬಹುಮಾನ ಅಂತ ಹೋಗಬೇಡಿ. 1973ರಲ್ಲಿ ಮನಶ್ಶಾಸ್ತ್ರಜ್ಞ ಮಾರ್ಕ್ ಲೆಪ್ಪರ್ ಮತ್ತು ಜೊತೆಗಾರರು ಚಿತ್ರ ಬಿಡಿಸಲು ಇಷ್ಟಪಡುವ ಪುಟ್ಟ ಮಕ್ಕಳಿಗೆ 'ಬಿಡಿಸಿದರೆ ಪ್ರಶಸ್ತಿಪತ್ರ' ಎಂದು ಮೊದಲೇ ಹೇಳಿ ಕೊಟ್ಟರು. ಆಮೇಲೆ ಆ ಮಕ್ಕಳು ಬಣ್ಣದ ಪೆನ್ನು ಹಿಡಿದದ್ದೇ ಕಡಿಮೆಯಾಯಿತು. ಮೊದಲೇ ಹೇಳದೆ ಕೊಟ್ಟ ಮಕ್ಕಳಲ್ಲಿ ಹಾಗಾಗಲಿಲ್ಲ.

ಪ್ರಶ್ನೆ ಕೇಳಿದವರು

ತುಂಬಾ ಥ್ಯಾಂಕ್ಸ್. ಒಂದೇ ಅನುಮಾನ. ಇದು ದಾಟಬೇಕಾದ ಬೇಸರವೋ, ಇಲ್ಲ ನಿಜವಾಗಿಯೂ ನನಗಾಗದ ಕೆಲಸವೋ ಅಂತ ತಿಳಿಯುವುದು ಹೇಗೆ?

ಉತ್ತರ 1 ಬರೆದವರು

ಬಿಟ್ಟ ಮೇಲೂ ಕಣ್ಣು ಎಲ್ಲಿಗೆ ಹೋಗುತ್ತದೆ ಗಮನಿಸಿ. ಯಾರಾದರೂ ಗಿಟಾರ್ ನುಡಿಸುವಾಗ ಅವರ ಬೆರಳು ಎಲ್ಲಿ ಒತ್ತುತ್ತಿದೆ ಅಂತ ನೋಡುತ್ತೀರಾ, ಇಲ್ಲ ಹಾಡು ಕೇಳಿ ಸುಮ್ಮನಾಗುತ್ತೀರಾ? ಒಳ್ಳೆಯ ಫೋಟೋ ಕಂಡರೆ ಬೆಳಕು ಯಾವ ಕಡೆಯಿಂದ ಬಿದ್ದಿದೆ ಅಂತ ಹುಡುಕುತ್ತೀರಾ? ಹುಡುಕುವುದಾದರೆ ಅದನ್ನು ಮತ್ತೆ ಹಿಡಿಯಿರಿ, ಆದರೆ ಚಿಕ್ಕದಾಗಿ. ಎಲ್ಲ ಫೋಟೋ ಬೇಡ, ಕೈಗಳನ್ನು ಮಾತ್ರ ತೆಗೆಯಿರಿ, ಕೆಲಸ ಮಾಡುತ್ತಿರುವ ಕೈಗಳು. ನೆರಳು ಯಾಕೆ ಕೆಟ್ಟದಾಗಿ ಬಂತು, ಬೆರಳು ಯಾಕೆ ಮಸುಕಾಯಿತು ಅನ್ನುವ ಪ್ರಶ್ನೆಗಳು ತಾವಾಗಿ ಏಳುತ್ತವೆ. ಎರಡನ್ನೂ ನೋಡುವುದಿಲ್ಲ ಅಂದರೆ ಧೈರ್ಯವಾಗಿ ಬಿಡಿ, ಬೇರೆ ಏನನ್ನಾದರೂ ಬಿಚ್ಚಿ ನೋಡಿ.