ಅವಧಿಗೆ ತಕ್ಕಂತೆ ಗರಿಷ್ಠ ಮಳೆ: ರೇಡಾರ್ ಲೆಕ್ಕವನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಪ್ರಶ್ನೆ:
ಐದು ನಿಮಿಷಕ್ಕೊಮ್ಮೆ ದೊರೆಯುವ ಹವಾಮಾನ ರೇಡಾರ್ ಮಾಹಿತಿಯಿಂದ ಪ್ರತಿ ಚದರ ಕಿಲೋಮೀಟರಿನ ಮಳೆಯನ್ನು ಲೆಕ್ಕ ಹಾಕಿ, 5 ನಿಮಿಷದಿಂದ 24 ಗಂಟೆಯವರೆಗಿನ ಅವಧಿಗಳಲ್ಲಿ ಸುರಿದ ಗರಿಷ್ಠ ಮಳೆಯನ್ನು ಲಾಗ್ ನಕ್ಷೆಯಲ್ಲಿ (ಎರಡೂ ಅಕ್ಷಗಳಲ್ಲಿ ಸಮ ಅಂತರವೆಂದರೆ ಸಮ ಪಟ್ಟು ಹೆಚ್ಚಳ) ಗುರುತಿಸಿದ್ದೇನೆ. ದೀರ್ಘಾವಧಿಯ ಬಿಂದುಗಳು ಹೆಚ್ಚುಕಡಿಮೆ ಸರಳರೇಖೆಯ ಮೇಲಿವೆ. ಅರ್ಧ ಗಂಟೆಗಿಂತ ಕಿರಿದಾದ ಅವಧಿಯವು ಮಾತ್ರ ಚದುರಿಹೋಗಿವೆ. ಇದು ಮಳೆಯ ಸ್ವಭಾವವೋ, ಅಳತೆಯ ದೋಷವೋ ತಿಳಿದವರು ವಿವರಿಸಬೇಕಾಗಿ ವಿನಂತಿ.

ಉತ್ತರ 1:
ಸರಳರೇಖೆ ಬಂದಿರುವುದು ಸಹಜವೇ. ಜಾಗತಿಕ ದಾಖಲೆಗಳಲ್ಲೂ ಅದೇ ಕಾಣುತ್ತದೆ. 1947ರ ಜೂನ್ 22ರಂದು ಅಮೆರಿಕದ ಮಿಸ್ಸೂರಿಯ ಹೋಲ್ಟ್‌ನಲ್ಲಿ 42 ನಿಮಿಷಗಳಲ್ಲಿ 305 ಮಿ.ಮೀ. ಮಳೆಯಾಯಿತು, 1966ರ ಜನವರಿಯಲ್ಲಿ ರಿಯೂನಿಯನ್ ದ್ವೀಪದ ಫೋಕ್-ಫೋಕ್‌ನಲ್ಲಿ 24 ಗಂಟೆಗಳಲ್ಲಿ 1825 ಮಿ.ಮೀ. ಸುರಿಯಿತು. ಅವಧಿ ಸುಮಾರು 34 ಪಟ್ಟಾದರೂ ಮಳೆ ಹೆಚ್ಚಿದ್ದು 6 ಪಟ್ಟು ಮಾತ್ರ, ಅಂದರೆ 34ರ ವರ್ಗಮೂಲದ ಆಸುಪಾಸು. ಹೀಗೆ ಅವಧಿಯ ವರ್ಗಮೂಲಕ್ಕೆ ತಕ್ಕಂತೆ ಬೆಳೆಯುವ ಮಳೆ ಲಾಗ್ ನಕ್ಷೆಯಲ್ಲಿ ಸರಳರೇಖೆಯಾಗಿಯೇ ಕಾಣುತ್ತದೆ. ಒಂದು ಗುಡುಗುಮೋಡ ತಾನು ಸುರಿಸಿದ ಮಳೆಯೊಂದಿಗೆ ಇಳಿಯುವ ತಂಪು ಗಾಳಿಯಿಂದಲೇ ತನಗೆ ಬರಬೇಕಾದ ತೇವದ ಗಾಳಿಯನ್ನು ಕಡಿದುಕೊಂಡು, ಸಾಮಾನ್ಯವಾಗಿ ಗಂಟೆಯೊಳಗೆ ಬರಿದಾಗುತ್ತದೆ. ಆಮೇಲೂ ಮಳೆ ಮುಂದುವರಿಯಬೇಕಾದರೆ ಅದೇ ಜಾಗದ ಮೇಲೆ ಹೊಸ ಮೋಡಗಳು ಸಾಲಾಗಿ ಬರಬೇಕು, ಇಲ್ಲವೇ ಬೆಟ್ಟವು ತೇವದ ಗಾಳಿಯನ್ನು ಎಡೆಬಿಡದೆ ಮೇಲಕ್ಕೆತ್ತುತ್ತಿರಬೇಕು.

ಉತ್ತರ 2:
ಚದುರುವಿಕೆಯಲ್ಲಿ ಅಳತೆಯ ಪಾಲು ದೊಡ್ಡದೆಂದು ನನ್ನ ಅಭಿಪ್ರಾಯ. ರೇಡಾರ್ ಮಳೆಯನ್ನು ನೇರವಾಗಿ ಅಳೆಯುವುದಿಲ್ಲ. ಹನಿಗಳಿಂದ ಮರಳುವ ಪ್ರತಿಫಲನವನ್ನು ಅಳೆಯುತ್ತದೆ, ಅದನ್ನು ಮಳೆಯಾಗಿ ಪರಿವರ್ತಿಸುವವರು ನಾವು. 53 ಡಿಬಿಜೆಡ್ (ಪ್ರತಿಫಲನವನ್ನು ಲಾಗ್ ಪ್ರಮಾಣದಲ್ಲಿ ಹೇಳುವ ಮಾನ) ಪ್ರತಿಫಲನವನ್ನೇ ತೆಗೆದುಕೊಳ್ಳಿ: ಪ್ರತಿಫಲನವನ್ನು ಮಳೆಯಾಗಿ ಪರಿವರ್ತಿಸುವ ಮಾರ್ಷಲ್-ಪಾಮರ್ ಸೂತ್ರದ ಪ್ರಕಾರ (ಪ್ರತಿಫಲನ = ಗುಣಕ × ಮಳೆಯ ದರ^ಘಾತ; ಗುಣಕ 200, ಘಾತ 1.6) ಅದು ಗಂಟೆಗೆ ಸುಮಾರು 75 ಮಿ.ಮೀ. ಮಳೆ, ಗುಡುಗುಮಳೆಗೆಂದು ಬಳಸುವ ಸೂತ್ರದ ಪ್ರಕಾರ (300, 1.4) ಸುಮಾರು 104 ಮಿ.ಮೀ. ಮೋಡದಲ್ಲಿ ಆಲಿಕಲ್ಲಿದ್ದರೆ ಪ್ರತಿಫಲನ ಇನ್ನೂ ಹೆಚ್ಚಿ, ಇಲ್ಲದ ಮಳೆಯೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಇಂತಹ ತಪ್ಪುಗಳು 24 ಗಂಟೆಗಳ ಮೊತ್ತದಲ್ಲಿ ಒಂದಿಷ್ಟು ಸರಿದೂಗಬಹುದು, ಆದರೆ 5 ನಿಮಿಷದ ಗರಿಷ್ಠವೆಂದರೆ ಒಂದೇ ಒಂದು ಚಿತ್ರ. ಹೀಗೆ ದೋಷವೇ ಅವಧಿಯೊಂದಿಗೆ ಬದಲಾಗುವುದರಿಂದ ನಿಮ್ಮ ರೇಖೆಯ ಇಳಿಜಾರೂ ಬದಲಾಗುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಅಲ್ಪಾವಧಿಗೆ ಮಳೆಮಾಪಕವನ್ನಷ್ಟೇ ನೆಚ್ಚಿಕೊಳ್ಳುವುದು ಒಳಿತೇ?

ಉತ್ತರ 2:
ಖಂಡಿತ ಬೇಡ. ಕೆಲವೇ ಕಿಲೋಮೀಟರ್ ಅಗಲದ ಬಿರುಮಳೆ ಎರಡು ಮಾಪಕಗಳ ನಡುವೆ ಸುರಿದು ಹೋದರೆ ಅದನ್ನು ಕಾಣುವುದು ರೇಡಾರ್ ಒಂದೇ. ಆಲಿಕಲ್ಲಿನ ಪ್ರಭಾವ ತಡೆಯಲು ಪ್ರತಿಫಲನಕ್ಕೆ ಒಂದು ಮೇಲ್ಮಿತಿ ಹಾಕಿ. ಎರಡು ಚಿತ್ರಗಳ ನಡುವೆ ಮೋಡ ಸರಿದ ದಾರಿಯ ಮೇಲೂ ಮಳೆಯನ್ನು ಹಂಚಿ. ಆಮೇಲೆ ಮೊತ್ತವನ್ನು ಹತ್ತಿರದ ಮಾಪಕಗಳೊಂದಿಗೆ ಹೋಲಿಸಿ ನೋಡಿ. ಗಂಟೆಯ ಮಳೆಯನ್ನು ಗಡಿಯಾರದ ಗಂಟೆಗೆ ಕಟ್ಟಿಹಾಕದೆ ಪ್ರತಿ ಐದು ನಿಮಿಷಕ್ಕೆ ಸರಿಸುತ್ತ ಲೆಕ್ಕ ಹಾಕಿದ್ದೀರಾ? ಇಲ್ಲವಾದರೆ 2:30ರಿಂದ 3:30ರವರೆಗೆ ಸುರಿದ ಮಳೆ ಎರಡು ಗಂಟೆಗಳ ಲೆಕ್ಕಕ್ಕೆ ಒಡೆದುಹೋಗಿರುತ್ತದೆ.