ಸ್ಟ್ರೋಕಿಗೆ ಆಲ್ಟೆಪ್ಲೇಸ್ ಬಿಟ್ಟು ಟೆನೆಕ್ಟೆಪ್ಲೇಸ್‌ಗೆ ಹೋದವರು ಅನುಭವ ಹೇಳಿ

ಕೇಳಿದವರು: ನಮ್ಮ ಎಮರ್ಜೆನ್ಸಿಯಲ್ಲಿ ಸ್ಟ್ರೋಕಿಗೆ ಕೊಡೋ, ಹೆಪ್ಪುಗಟ್ಟಿದ ರಕ್ತ (ಕ್ಲಾಟ್) ಕರಗಿಸುವ ಇಂಜೆಕ್ಷನ್ ಬದಲಾಯಿಸುವ ಮಾತು ನಡೀತಿದೆ. ರಾತ್ರಿ ಪಾಳಿಗೆ ಇಬ್ಬರೇ ಸಿಸ್ಟರ್. ಎಲ್ಲೆಲ್ಲಿ ಎಡವಟ್ಟಾಗುತ್ತೆ?

ಎಮರ್ಜೆನ್ಸಿ ಡಾಕ್ಟರ್: ಕಣ್ಣು ಮುಚ್ಚಿ ಬದಲಾಯಿಸಿ. ಆಲ್ಟೆಪ್ಲೇಸ್ ಅಂದ್ರೆ ಕೆಜಿಗೆ 0.9 ಮಿ.ಗ್ರಾಂ, 90 ದಾಟುವಂತಿಲ್ಲ. 68 ಕೆಜಿಯವರಿಗೆ 61.2. ಅದರಲ್ಲಿ 6.1 ಒಂದು ನಿಮಿಷದಲ್ಲಿ, ಉಳಿದ 55.1 ಒಂದು ಗಂಟೆ ಪಂಪಿನಲ್ಲಿ. ಬಾಟಲಿ ಖಾಲಿಯಾದ ಕೂಡಲೇ ಪಂಪ್ ನಿಲ್ಲಿಸ್ತಾರೆ, ಟ್ಯೂಬಿನಲ್ಲಿ 15 ಎಂ.ಎಲ್. ಹಾಗೇ ಉಳಿಯುತ್ತೆ. ಪಂಪಿಗೆ ಹಾಕಿದ್ದರಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಔಷಧ ಕಸದ ಬುಟ್ಟಿಗೆ! ಅದೇ ವೇಗದಲ್ಲಿ ಸಲೈನ್ ಹಾಕಿ ತಳ್ಳಬೇಕು ಅನ್ನೋದು ಎಷ್ಟು ಕಡೆ ಪಾಲನೆಯಾಗ್ತಿದೆ? ಟೆನೆಕ್ಟೆಪ್ಲೇಸ್ ಕೆಜಿಗೆ 0.25, ಗರಿಷ್ಠ 25, ಒಂದೇ ಸಲ ಕೊಟ್ಟು ಮುಗಿಸಬಹುದು.

ಫಾರ್ಮಸಿ: ಕಣ್ಣು ಮುಚ್ಚಿ ಅನ್ನೋ ಮಾತಿನಲ್ಲೇ ಅಪಾಯ ಇದೆ ಸರ್. ಅದೇ ಟೆನೆಕ್ಟೆಪ್ಲೇಸ್ ಹಾರ್ಟ್ ಅಟ್ಯಾಕಿಗೆ 30ರಿಂದ 50 ಮಿ.ಗ್ರಾಂ. 68 ಕೆಜಿಗೆ ಹಾರ್ಟಿಗಾದರೆ 35, ಸ್ಟ್ರೋಕಿಗೆ 17. ಅವಸರದಲ್ಲಿ ಹಾರ್ಟಿನ ತೂಕದ ಪಟ್ಟಿ ನೋಡಿದರೆ ಎರಡು ಪಟ್ಟು ಹೋಗುತ್ತೆ, ತಲೆಯೊಳಗೆ ರಕ್ತಸ್ರಾವ ಆಗಬಹುದು, ವಾಪಸ್ ತೆಗೆಯೋಕೆ ದಾರಿ ಇಲ್ಲ. 50 ಮಿ.ಗ್ರಾಂ ವಯಲ್ (ಪುಡಿ ಔಷಧದ ಸೀಸೆ) ಅನ್ನು 10 ಎಂ.ಎಲ್. ನೀರಿನಲ್ಲಿ ಕಲಸಿದರೆ ಒಂದು ಎಂ.ಎಲ್.ಗೆ 5 ಮಿ.ಗ್ರಾಂ. ಆದ್ದರಿಂದ ಸ್ಟ್ರೋಕ್ ಕಿಟ್‌ನಲ್ಲಿ 5 ಎಂ.ಎಲ್. ಸಿರಿಂಜ್ ಮಾತ್ರ ಇಡಿ. 17 ಮಿ.ಗ್ರಾಂ ಅಂದ್ರೆ 3.4 ಎಂ.ಎಲ್. ಹಾರ್ಟಿನ 7 ಎಂ.ಎಲ್. ಆ ಸಿರಿಂಜಿನಲ್ಲಿ ಹಿಡಿಯೋದೇ ಇಲ್ಲ. ವಯಲ್ ಕುಲುಕಬೇಡಿ, ಮೆಲ್ಲಗೆ ತಿರುಗಿಸಿ, ನೊರೆ ಇಳಿಯೋವರೆಗೆ ಕಾಯಿರಿ. ಲೈನಿನಲ್ಲಿ ಡೆಕ್ಸ್‌ಟ್ರೋಸ್ (ಸಕ್ಕರೆ ದ್ರಾವಣ) ಇದ್ದರೆ ಟೆನೆಕ್ಟೆಪ್ಲೇಸ್ ಗಷ್ಟು ಕಟ್ಟುತ್ತೆ. ಮೊದಲೂ ಆಮೇಲೂ ಸಲೈನ್ ತಳ್ಳಲೇಬೇಕು.

ಐಸಿಯು ಸಿಸ್ಟರ್: ಇಬ್ಬರೂ ಔಷಧದ ಬಗ್ಗೆ ಜಗಳ ಆಡ್ತಿದ್ದೀರಿ, ಬಿಪಿ ಬಗ್ಗೆ ಯಾರೂ ಮಾತಾಡಲಿಲ್ಲ. ಕೊಡುವ ಮೊದಲು 185/110ಕ್ಕಿಂತ ಕೆಳಗೆ, ಕೊಟ್ಟ ಮೇಲೆ 24 ಗಂಟೆ 180/105ರೊಳಗೆ. ಮೊದಲ 2 ಗಂಟೆ 15 ನಿಮಿಷಕ್ಕೊಮ್ಮೆ, ಮುಂದಿನ 6 ಗಂಟೆ ಅರ್ಧ ಗಂಟೆಗೊಮ್ಮೆ, ಆಮೇಲೆ ಗಂಟೆಗೊಮ್ಮೆ. ಒಬ್ಬ ಪೇಷಂಟಿಗೆ 36 ಸಲ! ಇಬ್ಬರೇ ಇರುವ ಪಾಳಿಯಲ್ಲಿ ತಪ್ಪಿಹೋಗೋದು ಇದೇ, ಔಷಧ ಬದಲಾಯಿಸಿದರೆ ಒಂದು ಸಲವೂ ಕಮ್ಮಿ ಆಗಲ್ಲ. ನಾಲಿಗೆಯನ್ನೂ ನೋಡ್ತಿರಿ. ರಾಮಿಪ್ರಿಲ್, ಎನಾಲಾಪ್ರಿಲ್ ತರದ ಬಿಪಿ ಮಾತ್ರೆ ನುಂಗುವವರಿಗೆ ಈ ಇಂಜೆಕ್ಷನ್ನಿಂದ ಅದು ಊದಿಕೊಳ್ಳೋ ಸಂಭವ ಜಾಸ್ತಿ, ಒಂದೇ ಪಕ್ಕ ಊದಿದರೂ ಉಸಿರು ಕಟ್ಟಬಹುದು. ಇನ್ನೊಂದು: ತಲೆನೋವು, ವಾಂತಿ, ಮಂಪರು, ಬಿಪಿ ದಿಢೀರ್ ಏರಿಕೆ ಕಂಡರೆ ತಲೆಯೊಳಗೆ ರಕ್ತಸ್ರಾವದ ಅನುಮಾನ; ಆಲ್ಟೆಪ್ಲೇಸ್ ಆದರೆ ಪಂಪ್ ನಿಲ್ಲಿಸಿ ಸಿಟಿ ಸ್ಕ್ಯಾನಿಗೆ ಓಡ್ತೀವಿ. ಟೆನೆಕ್ಟೆಪ್ಲೇಸ್ ಆದರೆ ಏನು ನಿಲ್ಲಿಸೋಣ?

ಎಮರ್ಜೆನ್ಸಿ ಡಾಕ್ಟರ್: ರಕ್ತಸ್ರಾವ ನಿಲ್ಲಿಸೋಕೆ ಕ್ರಯೋಪ್ರೆಸಿಪಿಟೇಟ್ (ಬ್ಲಡ್ ಬ್ಯಾಂಕಿನಲ್ಲಿ ಫ್ರೀಜ್ ಮಾಡಿಟ್ಟ ರಕ್ತದ ಅಂಶ) ಇಟ್ಟುಕೊಳ್ಳಿ, ರಕ್ತ ಹೆಪ್ಪುಗಟ್ಟಿಸೋ ಪ್ರೋಟೀನ್ ಫೈಬ್ರಿನೋಜೆನ್ 150 ಮಿ.ಗ್ರಾಂ/ಡೆಸಿಲೀಟರ್‌ಗಿಂತ ಕೆಳಗಿದ್ದರೆ ಕೊಡಿ. ಕ್ರಯೋ ಸಿಗದಿದ್ದರೆ ಟ್ರನೆಕ್ಸಾಮಿಕ್ ಆಸಿಡ್ 1 ಗ್ರಾಂ, 10 ನಿಮಿಷದಲ್ಲಿ.

ಐಸಿಯು ಸಿಸ್ಟರ್: ಇಟ್ಟುಕೊಳ್ಳಿ ಅನ್ನೋದು ಸುಲಭ. ರಾತ್ರಿ ಎರಡು ಗಂಟೆಗೆ ಬ್ಲಡ್ ಬ್ಯಾಂಕ್ ಕರಗಿಸಿ ಕಳಿಸೋ ಹೊತ್ತಿಗೆ ಎಷ್ಟಾಗಿರುತ್ತೆ, ಹೇಳಿ?

ಹೃದಯ ವಿಭಾಗ: ಇಷ್ಟೆಲ್ಲ ಯಾಕೆ, ಕ್ಲಾಟ್ ಕರಗಿಸೋ ಇನ್ನೊಂದು ಔಷಧ ಸ್ಟ್ರೆಪ್ಟೋಕೈನೇಸ್ ಅಗ್ಗ. 15 ಲಕ್ಷ ಯೂನಿಟ್ ಒಂದು ಗಂಟೆಯಲ್ಲಿ, ಬಿಪಿ ಇಳಿದರೆ ವೇಗ ತಗ್ಗಿಸಿದರಾಯಿತು.

ಫಾರ್ಮಸಿ: ಪ್ರಶ್ನೆ ಸ್ಟ್ರೋಕಿನದು! ಸ್ಟ್ರೋಕಿಗೆ ಸ್ಟ್ರೆಪ್ಟೋಕೈನೇಸ್ ಕೊಡಲೇಬಾರದು, ರಕ್ತಸ್ರಾವ, ಸಾವು ಎರಡೂ ಹೆಚ್ಚಾಗಿದ್ದಕ್ಕೇ ಆ ಪ್ರಯೋಗಗಳು ನಿಂತವು. ಹಾರ್ಟಿಗೂ ಒಮ್ಮೆ ಕೊಟ್ಟವರಿಗೆ ಮತ್ತೆ ಕೊಡುವಂತಿಲ್ಲ, ದೇಹದಲ್ಲಿ ಅದರ ವಿರುದ್ಧ ಆಂಟಿಬಾಡಿ ಹುಟ್ಟಿರುತ್ತೆ.

ಹೃದಯ ವಿಭಾಗ: ಹಾರ್ಟಿನ ಬಗ್ಗೆ ನಮಗೆ ಪಾಠ ಬೇಡ. ನೀವು ಆಸ್ಪಿರಿನ್ ವಿಷಯ ಯಾಕೆ ಎತ್ತಲಿಲ್ಲ? ಹಾರ್ಟಿಗೆ ಜೊತೆಯಲ್ಲೇ ಆಸ್ಪಿರಿನ್, ಕ್ಲೋಪಿಡೊಗ್ರೆಲ್, ಎನಾಕ್ಸಪ್ಯಾರಿನ್ ಅಂತ ರಕ್ತ ಹೆಪ್ಪುಗಟ್ಟದ ಹಾಗೆ ಮಾಡೋ ಔಷಧ ಕೊಡ್ತೀವಿ. ಸ್ಟ್ರೋಕಿಗೆ 24 ಗಂಟೆ ಕಳೆದು ಮತ್ತೊಂದು ಸಿಟಿ ಆಗೋವರೆಗೆ ಯಾವುದೂ ಇಲ್ಲ. ಕಿಟ್ ಅದಲು ಬದಲಾದರೆ ಇದೂ ಅದಲು ಬದಲಾಗುತ್ತೆ.

ಫಾರ್ಮಸಿ: ಅದಕ್ಕೇ ಎರಡು ಕಿಟ್ ಒಂದೇ ಕಪಾಟಿನಲ್ಲಿ ಇಡಬೇಡಿ ಅನ್ನೋದು.